ಚಂಡಮಾರುತಕ್ಕೂ ಒಂದು ಬಲದಂಡೆ ಇದೆ

2021ರ ಮೇ 15, ಶನಿವಾರ. ಲಾಕ್‌ಡೌನ್ ಕಾಲ. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರಿಂದ ನಾನು ಉಬ್ರಾಣಿಯಲ್ಲೇ ಇದ್ದೆ. ನೆಟ್‌ವರ್ಕ್ ಸಿಗಲಿ ಅಂತ ಮಹಡಿ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನಿಗೆ ಇಂಜಿನಿಯರಿಂಗ್ ಹಾಸ್ಟೆಲಿನ ಗೆಳೆಯನ ಫೋನ್ ಬಂತು. ಅವನ ಮನೆ ಕುಂದಾಪುರ, ಬೈಂದೂರು ನಡುವೆ, ಹೈವೇಗೂ ಕಡಲಿಗೂ ಮಧ್ಯೆ. ಅವನೂ ಆಗ ಊರಲ್ಲೇ ಇದ್ದ.

"ಮಾರಾಯ, ನೀನು ಈ ಮ್ಯಾಪೆಲ್ಲ ನೋಡ್ತೀಯಲ್ಲ, ಈ ತೌಕ್ತೆ ನಮ್ಮ ಕಡೆ ಬರ್ತದಾ?"

ನಾನು ಮ್ಯಾಪ್ ತೆಗೆದೆ. ಲಕ್ಷದ್ವೀಪದ ಹತ್ತಿರ ಒಂದು ಸುರುಳಿ. ಅಲ್ಲಿಂದ ಒಂದು ಗೆರೆ ನೆಟ್ಟಗೆ ಉತ್ತರಕ್ಕೆ, ಗುಜರಾತಿನ ತನಕ. ಗೆರೆಗೂ ಅವನ ಊರಿಗೂ ಇನ್ನೂರು ಕಿಲೋಮೀಟರ್ ಆಸುಪಾಸು ಅಂತರ. "ಏನೂ ಆಗಲ್ಲ ಬಿಡೋ, ಅದು ಸಮುದ್ರದಲ್ಲೇ ಹೋಗುತ್ತೆ, ಹೊಡೆಯೋದು ಗುಜರಾತಿಗೆ. ನಿಮಗೆ ಒಂದಿಷ್ಟು ಮಳೆ ಬರಬಹುದು ಅಷ್ಟೆ" ಅಂದೆ. ಅಂದಿದ್ದು ಎಷ್ಟು ಧೈರ್ಯವಾಗಿ ಅಂದರೆ, ಹವಾಮಾನ ಇಲಾಖೆಯೇ ನನ್ನ ಕೈ ಕೆಳಗೆ ಇದೆಯೇನೋ ಅನ್ನೋ ಹಾಗೆ!

ಮರುದಿನ ಮಧ್ಯಾಹ್ನ ಅವನೇ ಫೋನ್ ಮಾಡಿದ. ಹಿಂದೆ ಗಾಳಿಯ ಸದ್ದಿಗೆ ಅವನ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು. ರಾತ್ರಿ ಅಲೆ ತಡೆಗೋಡೆಯ ಕಲ್ಲು ದಾಟಿ ಹಿತ್ತಲಿಗೆ ಬಂದಿತ್ತು. ನಾಲ್ಕು ತೆಂಗಿನ ಮರ ಬುಡಸಮೇತ ಹೋಗಿದ್ದವು. ಬಲೆ ಇಡುವ ಶೆಡ್ಡು ಬಲೆಗಳ ಸಮೇತ ಕೊಚ್ಚಿಹೋಗಿತ್ತು. ಹಿಂದಿನ ದಿನ ಅವನಪ್ಪ ಬಲೆಗಳನ್ನು ರಸ್ತೆ ಆಚೆ ಸಾಗಿಸೋಣ ಅಂತ ಹೊರಟಿದ್ದರಂತೆ. ಇವನೇ "ದೋಸ್ತ ಮ್ಯಾಪ್ ನೋಡಿ ಹೇಳಿದ್ದಾನೆ, ಅದು ದೂರ ಹೋಗ್ತದೆ" ಅಂತ ತಡೆದಿದ್ದ.

"ಎಂತ ಮಾರಾಯ, ದೂರ ಹೋಗ್ತದೆ ಅಂದಿದ್ದಿಯಲ್ಲ" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತೌಕ್ತೆ ನಿಜವಾಗಿಯೂ ಸಮುದ್ರದಲ್ಲೇ ಹೋಯಿತು, ಮೇ 17ರ ರಾತ್ರಿ ಗುಜರಾತಿನ ದಿಯು-ಊನಾ ಹತ್ತಿರವೇ ದಡ ಹತ್ತಿತು. ಗೆರೆ ಸರಿಯಾಗಿತ್ತು. ತಪ್ಪಿದ್ದು ನಾನು ಗೆರೆ ಓದಿದ ರೀತಿ. ಗೆರೆ ಎಲ್ಲಿ ಹೋಗುತ್ತೆ ಅಂತ ನೋಡಿದೆನೇ ಹೊರತು ನನ್ನ ಗೆಳೆಯ ಗೆರೆಯ ಯಾವ ಪಕ್ಕದಲ್ಲಿದ್ದಾನೆ ಅಂತ ನೋಡಲಿಲ್ಲ.

ಈ ಬರಹ ಅದರ ಬಗ್ಗೆ. ನನ್ನ ವಾದ ಇಷ್ಟೇ: ಚಂಡಮಾರುತದ ಸುದ್ದಿ ಹೇಳುವಾಗ "ಎಲ್ಲಿಗೆ ಬರುತ್ತೆ" ಅನ್ನೋದರ ಜೊತೆಗೆ "ಅದರ ಬಲಕ್ಕೆ ಯಾರಿದ್ದಾರೆ" ಅಂತಲೂ ಹೇಳಲೇಬೇಕು. ನಮ್ಮ ಕನ್ನಡದ ಸುದ್ದಿಯಲ್ಲಿ ಅದನ್ನು ನಾನು ಕೇಳಿದ್ದು ಅಪರೂಪ.

*

ಮೊದಲು ಎಡ, ಬಲ ಅಂದರೇನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಮ್ಯಾಪಿನ ಬಲಗಡೆ ಅಲ್ಲ. ಟಿವಿ ಪರದೆಯ ಬಲಗಡೆಯಂತೂ ಅಲ್ಲವೇ ಅಲ್ಲ.

ನಮ್ಮ ಚನ್ನಗಿರಿ ಸೀಮೆಯವರಿಗೆ ಇದನ್ನು ಹೇಳೋದು ಬಹಳ ಸುಲಭ. ಭದ್ರಾ ಬಲದಂಡೆ ನಾಲೆ ಗೊತ್ತಲ್ಲ? ಅದಕ್ಕೆ ಬಲದಂಡೆ ಅಂತ ಯಾಕೆ ಅಂತಾರೆ? ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಬರುವ ದಂಡೆ ಅದು. ನದಿ ಎಷ್ಟು ಸಲ ತಿರುಗಿದರೂ ಬಲದಂಡೆ ಬಲದಂಡೆಯೇ. ಚಂಡಮಾರುತಕ್ಕೂ ಇದೇ ಲೆಕ್ಕ. ಅದು ಸಾಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ, ನಿಮ್ಮ ಬಲಗೈ ಕಡೆಯದು ಬಲದಂಡೆ, ಎಡಗೈ ಕಡೆಯದು ಎಡದಂಡೆ. ಪಶ್ಚಿಮಕ್ಕೆ ಹೊರಟ ಚಂಡಮಾರುತಕ್ಕೆ ಉತ್ತರ ದಿಕ್ಕು ಬಲ. ಉತ್ತರಕ್ಕೆ ಹೊರಟಿದ್ದಕ್ಕೆ ಪೂರ್ವ ಬಲ. ಈಶಾನ್ಯಕ್ಕೆ ತಿರುಗಿಕೊಂಡಿತು ಅಂದರೆ ಆಗ್ನೇಯ ಬಲ.

ಈಗ ಮುಖ್ಯ ವಿಷಯ. ಭೂಮಧ್ಯರೇಖೆಯ ಉತ್ತರಕ್ಕೆ, ಅಂದರೆ ನಮ್ಮ ಕಡೆ, ಚಂಡಮಾರುತ ಅಪ್ರದಕ್ಷಿಣೆ ಹಾಕುತ್ತೆ. ನಡುವೆ ಒತ್ತಡ ಕಡಿಮೆ, ಸುತ್ತಲಿನ ಗಾಳಿ ಒಳಗೆ ನುಗ್ಗುತ್ತೆ, ಭೂಮಿ ತಿರುಗುವುದರಿಂದ ಆ ಗಾಳಿ ತನ್ನ ಬಲಕ್ಕೆ ಬಾಗುತ್ತೆ, ಎಲ್ಲಾ ಸೇರಿ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತೆ. ದಕ್ಷಿಣಾರ್ಧ ಗೋಳದಲ್ಲಿ ಇದು ಪ್ರದಕ್ಷಿಣೆ ಆಗುತ್ತೆ. ಹಾಗಾಗಿ ಆಸ್ಟ್ರೇಲಿಯಾ, ಮಡಗಾಸ್ಕರ್ ಕಡೆಯವರು ನಾನು ಹೇಳೋದನ್ನೆಲ್ಲ ತಿರುಗಿಸಿ ಓದಿಕೊಳ್ಳಬೇಕು :-)

ಸುತ್ತುವುದರ ಜೊತೆಗೆ ಅದು ಮುಂದಕ್ಕೂ ಸಾಗುತ್ತೆ. ಎತ್ತಿನ ಗಾಡಿಯ ಮೇಲೆ ಬೀಸುಕಲ್ಲು ಇಟ್ಟು ಅಪ್ರದಕ್ಷಿಣವಾಗಿ ತಿರುಗಿಸುತ್ತಾ ಗಾಡಿ ಹೊಡೆದ ಹಾಗೆ ಅಂತ ಅಂದುಕೊಳ್ಳಿ. ಕಲ್ಲಿನ ಬಲ ಅಂಚು ಗಾಡಿ ಹೋಗುವ ಕಡೆಗೇ ಚಲಿಸುತ್ತಿರುತ್ತೆ, ಎಡ ಅಂಚು ಹಿಂದಕ್ಕೆ. ರಸ್ತೆ ಪಕ್ಕ ನಿಂತು ನೋಡುವವನಿಗೆ ಬಲ ಅಂಚಿನಲ್ಲಿ ಎರಡೂ ವೇಗ ಕೂಡುತ್ತವೆ, ಎಡ ಅಂಚಿನಲ್ಲಿ ಕಳೆಯುತ್ತವೆ. ಗಾಳಿ ಗಂಟೆಗೆ 120 ಕಿ.ಮೀ. ವೇಗದಲ್ಲಿ ಸುತ್ತುತ್ತಿದ್ದು, ಇಡೀ ವ್ಯವಸ್ಥೆ 20 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತಿದ್ದರೆ ಬಲಕ್ಕೆ 140, ಎಡಕ್ಕೆ 100.

ಇಷ್ಟೇನಾ, ನಲವತ್ತು ವ್ಯತ್ಯಾಸ ತಾನೇ ಅನ್ನಬೇಡಿ. ಗಾಳಿ ಗೋಡೆಗೆ, ಹೆಂಚಿಗೆ, ಮರಕ್ಕೆ ಕೊಡುವ ಹೊಡೆತ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ನೂರರ ವರ್ಗ 10,000. ನೂರನಲವತ್ತರ ವರ್ಗ 19,600. ಅಂದರೆ ಬಲಗಡೆಯ ಮನೆಗೆ ಬೀಳುವ ಹೊಡೆತ ಎಡಗಡೆಯ ಮನೆಗೆ ಬೀಳುವುದರ ಹೆಚ್ಚುಕಡಿಮೆ ಎರಡು ಪಟ್ಟು. ಒಂದೇ ಚಂಡಮಾರುತ, ಒಂದೇ ಹೆಸರು, ಒಂದೇ ಬ್ರೇಕಿಂಗ್ ನ್ಯೂಸ್!

ನಿಜವಾದ ಚಂಡಮಾರುತದಲ್ಲಿ ಲೆಕ್ಕ ಇಷ್ಟು ನೀಟಾಗಿ ಇರಲ್ಲ ಅಂತಲೂ ಹೇಳಿಬಿಡುತ್ತೇನೆ. ಮುಂದೆ ಸಾಗುವ ವೇಗ ಪೂರ್ತಿಯಾಗಿ ಕೂಡುವುದಿಲ್ಲ, ಒಂದು ಪಾಲು ಮಾತ್ರ ಕೂಡುತ್ತೆ. ಇನ್ನೊಂದು ವಿಷಯ, ಸುದ್ದಿಯಲ್ಲಿ "ಗಂಟೆಗೆ ಇಷ್ಟು ಕಿ.ಮೀ. ಗಾಳಿ" ಅಂತ ಕೊಡುವ ಸಂಖ್ಯೆ ಇಡೀ ಚಂಡಮಾರುತದಲ್ಲಿ ಎಲ್ಲಕ್ಕಿಂತ ಜೋರಾದ ಜಾಗದ್ದು. ಅದರ ಮೇಲೆ ಮತ್ತೆ ಸಾಗುವ ವೇಗ ಕೂಡಿಸಬಾರದು, ಅದು ಆಗಲೇ ಸೇರಿರುತ್ತೆ. ಅಂದರೆ ಸಾಮಾನ್ಯವಾಗಿ ಆ ಸಂಖ್ಯೆ ಬಲದಂಡೆಯವರದ್ದು. ಎಡದಂಡೆಯವನೂ ಅದೇ ಸಂಖ್ಯೆ ಕೇಳಿ ಹೆದರುತ್ತಾನೆ, ಆಮೇಲೆ ಅಷ್ಟು ಗಾಳಿ ಬರದಿದ್ದಾಗ "ಇವರು ಹೇಳೋದೆಲ್ಲ ಬರೀ ಓಳು" ಅನ್ನುತ್ತಾನೆ. ಮುಂದಿನ ಸಲ ಅವನೇ ಬಲದಂಡೆಯಲ್ಲಿದ್ದಾಗ ನಂಬಲ್ಲ.

*

ಇದೇನು ಹೊಸ ವಿಷಯ ಅಲ್ಲ. ಹಾಯಿ ಹಡಗಿನ ಕಾಲದವರಿಗೇ ಗೊತ್ತಿತ್ತು. ಸೈಕ್ಲೋನ್ ಅನ್ನೋ ಪದವನ್ನೇ ಹುಟ್ಟುಹಾಕಿದ್ದು ನಮ್ಮ ಕಲ್ಕತ್ತಾದಲ್ಲಿ ಕೂತು ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಅಧ್ಯಯನ ಮಾಡಿದ ಹೆನ್ರಿ ಪಿಡಿಂಗ್ಟನ್. ಹಡಗಿನ ಕಪ್ತಾನನಾಗಿದ್ದ ಮನುಷ್ಯ. 1848ರಲ್ಲಿ ಅವನು ನಾವಿಕರಿಗಾಗಿ ಒಂದು ಕೈಪಿಡಿ ಬರೆದ. ಅದರ ಜೊತೆ ಗಾಳಿ ಸುತ್ತುವ ದಿಕ್ಕನ್ನು ಬರೆದ ಪಾರದರ್ಶಕ ಹಾಳೆಗಳನ್ನೂ ಕೊಟ್ಟಿದ್ದ. ನಕ್ಷೆಯ ಮೇಲೆ ಆ ಹಾಳೆ ಇಟ್ಟು ಸರಿಸಿ ನೋಡಿದರೆ ತಮ್ಮ ಹಡಗು ಬಿರುಗಾಳಿಯ ಯಾವ ಭಾಗದಲ್ಲಿದೆ ಅಂತ ನಾವಿಕರು ತಿಳಿಯಬಹುದಿತ್ತು. ಈಗಿನ ಭಾಷೆಯಲ್ಲಿ ಹೇಳಬೇಕಂದರೆ ಅದು ಅವತ್ತಿನ ಮೊಬೈಲ್ ಆಪ್.

ನಾವಿಕರು ಚಂಡಮಾರುತವನ್ನು ಎರಡು ಹೋಳು ಮಾಡಿ ಹೆಸರಿಟ್ಟುಕೊಂಡರು. ನಮ್ಮ ಗೋಳಾರ್ಧದಲ್ಲಿ ಬಲದ ಹೋಳು ಅಪಾಯದ ಅರ್ಧವೃತ್ತ, ಎಡದ ಹೋಳು ಹಡಗು ನಡೆಸಬಹುದಾದ ಅರ್ಧವೃತ್ತ. ಬಲದಲ್ಲಿ ಗಾಳಿ ಜೋರು ಅನ್ನೋದು ಒಂದು ಕಾರಣ. ಅಲ್ಲಿನ ಗಾಳಿ ಹಡಗನ್ನು ತಳ್ಳಿಕೊಂಡು ಹೋಗಿ ಚಂಡಮಾರುತ ಬರುವ ದಾರಿಗೇ ಎಸೆಯುತ್ತೆ ಅನ್ನೋದು ಇನ್ನೊಂದು. ಎಡದಲ್ಲಿದ್ದರೆ ಗಾಳಿ ಹಡಗನ್ನು ಅದರ ಬೆನ್ನ ಹಿಂದಕ್ಕೆ ತಳ್ಳುತ್ತೆ, ಬದುಕುವ ಸಾಧ್ಯತೆ ಜಾಸ್ತಿ.

ರೇಡಿಯೋ, ಸ್ಯಾಟಲೈಟ್ ಏನೂ ಇಲ್ಲದ ಕಾಲದಲ್ಲಿ ನಾವಿಕರು ಇಷ್ಟು ತಿಳಿದುಕೊಂಡಿದ್ದರು. ನಮ್ಮ ಕೈಯಲ್ಲಿ ಸ್ಯಾಟಲೈಟ್ ಚಿತ್ರ ಇದೆ, ನಾವು ಬರೀ ಗೆರೆ ನೋಡುತ್ತೇವೆ.

*

ದಡದ ಮೇಲಿರುವವರಿಗೆ ಇನ್ನೂ ಒಂದು ಸೇರಿಕೊಳ್ಳುತ್ತೆ, ಅದು ಸಮುದ್ರದ ನೀರು. ಚಂಡಮಾರುತ ದಡಕ್ಕೆ ನೇರವಾಗಿ ಬಂದು ಬಡಿಯುವಾಗ ಅದರ ಬಲಗಡೆ ಗಾಳಿ ಸಮುದ್ರದಿಂದ ದಡಕ್ಕೆ ಬೀಸುತ್ತೆ, ನೀರನ್ನು ಗುಡ್ಡೆ ಹಾಕಿ ಊರೊಳಗೆ ನೂಕುತ್ತೆ. ಎಡಗಡೆ ದಡದಿಂದ ಸಮುದ್ರಕ್ಕೆ ಬೀಸುತ್ತೆ, ನೀರನ್ನು ಆಚೆಗೆ ತಳ್ಳುತ್ತೆ.

2022ರ ಸೆಪ್ಟೆಂಬರ್ 28ರಂದು ಅಮೆರಿಕದ ಫ್ಲೋರಿಡಾಕ್ಕೆ ಇಯಾನ್ ಹರಿಕೇನ್ ಬಂದಾಗ ಇದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಎಡಕ್ಕಿದ್ದ ಟ್ಯಾಂಪಾದಲ್ಲಿ ಕೊಲ್ಲಿಯ ನೀರು ಹಿಂದೆ ಸರಿದು, ಜನ ಸಮುದ್ರದ ತಳದ ಮೇಲೆ ನಡೆದಾಡಿದರು. ಬಲಕ್ಕಿದ್ದ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಸಮುದ್ರ ಮನೆಗಳನ್ನೇ ನುಂಗಿತು. ಮೊದಮೊದಲ ಮುನ್ಸೂಚನೆಗಳಲ್ಲಿ ಗೆರೆ ಇದ್ದದ್ದು ಟ್ಯಾಂಪಾ ಕಡೆಗೆ! ಆಮೇಲೆ ಅದು ದಕ್ಷಿಣಕ್ಕೆ ಸರಿಯಿತು.

ಅಷ್ಟು ದೂರ ಯಾಕೆ, ಪಕ್ಕದ ಆಂಧ್ರವನ್ನೇ ನೋಡಿ. 1977ರ ನವೆಂಬರ್ 19ರ ಚಂಡಮಾರುತ ದಡ ಹತ್ತಿದ್ದು ಚೀರಾಲ ಕಡೆ. ಅತಿ ಹೆಚ್ಚು ಜನ ಸತ್ತಿದ್ದು ಅದರ ಬಲಕ್ಕಿದ್ದ, ಕೃಷ್ಣಾ ನದಿ ಸಮುದ್ರ ಸೇರುವ ದಿವಿಸೀಮೆಯಲ್ಲಿ. ಸುಮಾರು ಐದು ಮೀಟರ್ ಎತ್ತರದ ನೀರಿನ ಗೋಡೆ ಹಳ್ಳಿಗಳ ಮೇಲೆ ಹಾಯಿತು. ಹತ್ತು ಸಾವಿರದ ಆಸುಪಾಸು ಜನ ಹೋದರು. ಮ್ಯಾಪಿನಲ್ಲಿ ಚುಕ್ಕಿ ಒಂದು ಕಡೆ, ಸಾವು ಇನ್ನೊಂದು ಕಡೆ.

ಮುಂಬೈ ಉದಾಹರಣೆ ಇನ್ನೂ ಚೆನ್ನಾಗಿದೆ. 2020ರ ಜೂನ್ 3ರಂದು ನಿಸರ್ಗ ಬಂತು. ಮುಂಬೈಗೆ ದೊಡ್ಡ ಗಂಡಾಂತರ ಅಂತ ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಅದು ಮುಂಬೈಗಿಂತ ದಕ್ಷಿಣಕ್ಕೆ, ಶ್ರೀವರ್ಧನ-ದಿವೇಆಗರ ಹತ್ತಿರ, ಈಶಾನ್ಯದ ಕಡೆ ಸಾಗುತ್ತಾ ದಡ ಹತ್ತಿತು. ಮುಂಬೈ ಎಡದಂಡೆಯಲ್ಲಿ ಉಳಿಯಿತು, ಬಚಾವಾಯಿತು. ಬಲದಂಡೆಯ ದಾಪೋಲಿ, ಮಂಡಣಗಡ ಕಡೆಯ ತೆಂಗು, ಅಡಿಕೆ, ಮಾವಿನ ತೋಟಗಳು ನೆಲಕಚ್ಚಿದವು. ಮಾರನೇ ದಿನ ಹೆಡ್‌ಲೈನು "ಮುಂಬೈ ಪಾರು". ಕೊಂಕಣದ ತೋಟದವರ ಕಥೆ ಒಳಪುಟಕ್ಕೆ. ಅಡಿಕೆ ಬೆಳೆಯುವ ಮನೆಯವನಾಗಿ ಹೇಳುತ್ತಿದ್ದೇನೆ, ಒಂದು ಅಡಿಕೆ ಮರ ಬಿದ್ದರೆ ಮತ್ತೆ ಅಲ್ಲಿ ಫಸಲು ನೋಡಲು ಐದಾರು ವರ್ಷ ಬೇಕು.

ಮರುವರ್ಷ ತೌಕ್ತೆ. ಅದು ಮುಂಬೈ ಹತ್ತಿರ ದಡ ಹತ್ತಲೇ ಇಲ್ಲ, ನೂರಕ್ಕೂ ಹೆಚ್ಚು ಕಿ.ಮೀ. ಆಚೆ ಸಮುದ್ರದಲ್ಲಿ ಉತ್ತರಕ್ಕೆ ಹೋಯಿತು. ಈ ಸಲ ಮುಂಬೈ ಬಲದಂಡೆ. ಕೊಲಾಬಾದಲ್ಲಿ ಗಾಳಿ ಗಂಟೆಗೆ ನೂರು ಕಿ.ಮೀ. ದಾಟಿತು. ಹೊರಗಿನ ಸಮುದ್ರದಲ್ಲಿ ಪಿ-305 ಅನ್ನೋ ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ತೌಕ್ತೆ ನಿಸರ್ಗಕ್ಕಿಂತ ಬಹಳ ಬಲಶಾಲಿಯಾಗಿತ್ತು, ಆದ್ದರಿಂದ ಎಲ್ಲವನ್ನೂ ಎಡ-ಬಲದ ಮೇಲೆ ಹೊರಿಸುವುದು ತಪ್ಪು. ಆದರೆ "ದಡ ಹತ್ತಿದ್ದು ಹತ್ತಿರ, ಆದ್ದರಿಂದ ಅಪಾಯ, ಸಮುದ್ರದಲ್ಲೇ ಹೋಯಿತು, ಆದ್ದರಿಂದ ಕ್ಷೇಮ" ಅನ್ನೋ ನಮ್ಮ ಮಾಮೂಲಿ ಲೆಕ್ಕ ಎರಡೂ ಸಲ ಉಲ್ಟಾ ಹೊಡೆಯಿತು ಅನ್ನೋದು ಮಾತ್ರ ನಿಜ.

ಈಗ ನಮ್ಮ ಕರಾವಳಿಗೆ ಬನ್ನಿ. ಮಂಗಳೂರಿನಿಂದ ಕಾರವಾರದ ತನಕ ನಮ್ಮ ದಡ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿ ಮಲಗಿದೆ. ಅರಬ್ಬೀ ಸಮುದ್ರದಲ್ಲಿ ಹುಟ್ಟಿ ಉತ್ತರಕ್ಕೆ ಹೋಗುವ ಯಾವುದೇ ಚಂಡಮಾರುತಕ್ಕೆ ಪೂರ್ವ ದಿಕ್ಕು ಬಲ. ಪೂರ್ವಕ್ಕೆ ಇರೋದು ಯಾರು? ನಾವೇ! ಕೇರಳ, ಕರ್ನಾಟಕ, ಗೋವಾ, ಕೊಂಕಣ, ಅಷ್ಟೂ ಜನ ಕಾಯಂ ಬಲದಂಡೆಯ ನಿವಾಸಿಗಳು. ಅಲೆಯೂ ಅಷ್ಟೇ. ಬಲಗಡೆಯ ಗಾಳಿ ಚಂಡಮಾರುತದ ಜೊತೆಗೇ ಒಂದೇ ದಿಕ್ಕಿಗೆ ಸಾಗುತ್ತಾ ಅದೇ ಅಲೆಯನ್ನು ಗಂಟೆಗಟ್ಟಲೆ ತಳ್ಳುತ್ತಲೇ ಇರುತ್ತೆ, ಅಲೆ ಬೆಳೆಯುತ್ತಲೇ ಹೋಗುತ್ತೆ. ಗೆರೆ ಇನ್ನೂರು ಕಿ.ಮೀ. ಆಚೆ ಇದ್ದರೂ ನನ್ನ ಗೆಳೆಯನ ಹಿತ್ತಲಿಗೆ ಬಂದ ಅಲೆ ಹಾಗೆ ಬೆಳೆದದ್ದು. ಆ ಮೂರು ದಿನದಲ್ಲಿ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಮನೆ ಬಿದ್ದವು, ಕಡಲು ಕೊರೆಯಿತು, ಮಂಗಳೂರಿನಾಚೆ ಟಗ್ ಬೋಟು ಮಗುಚಿತು, ಪ್ರಾಣಗಳೂ ಹೋದವು. "ಸಮುದ್ರದಲ್ಲೇ ಹೋಗುತ್ತೆ" ಅಂತ ನಾನು ಹೇಳಿದ ಚಂಡಮಾರುತ ಇದು.

*

ಇದಕ್ಕೆ ಆಕ್ಷೇಪಗಳಿವೆ, ನನಗೆ ಗೊತ್ತು. ನಾನೇ ಒಂದಕ್ಕೆ ಬಲಿಯಾಗಿದ್ದೇನೆ.

ಮೊದಲನೆಯದು: ಇಷ್ಟೆಲ್ಲ ಜನಕ್ಕೆ ಅರ್ಥ ಆಗುತ್ತಾ? ಚಾನೆಲ್ ಒಂದರಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು "ಎಡ-ಬಲ ಅಂದ್ರೆ ಜನ ಪಾಲಿಟಿಕ್ಸ್ ಅಂದ್ಕೋತಾರೆ" ಅಂತ ನಕ್ಕರು. ಬಲದಂಡೆ ನಾಲೆಗೆ ಯಾವ ದಿನ ನೀರು ಬಿಡ್ತಾರೆ, ಎಷ್ಟು ದಿನ ಬಿಡ್ತಾರೆ, ಕೊನೆ ಭಾಗದ ಜಮೀನಿಗೆ ಯಾವಾಗ ತಲುಪುತ್ತೆ ಅಂತ ಬಾಯಲ್ಲೇ ಲೆಕ್ಕ ಹಾಕುವ ರೈತನಿಗೆ ಚಂಡಮಾರುತದ ಬಲದಂಡೆ ಅರ್ಥ ಆಗಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಕಡಲಿಗೆ ಹೋಗುವವರಿಗಂತೂ ನಾವು ಹೇಳಿಕೊಡೋದೇ ಬೇಡ. ಅರ್ಥ ಆಗಲ್ಲ ಅನ್ನೋದು ಹೇಳಲು ಸೋಮಾರಿತನ ಇರುವವರ ನೆಪ.

ಎರಡನೆಯದು: ಮಾಹಿತಿ ಎಲ್ಲಿದೆ? ಇದೆ ಸ್ವಾಮಿ. ಹವಾಮಾನ ಇಲಾಖೆಯ ಚಂಡಮಾರುತ ಪ್ರಕಟಣೆಗಳಲ್ಲಿ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಅಂತ ನಾಲ್ಕು ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ದೂರದ ತನಕ ಎಷ್ಟು ಜೋರಿನ ಗಾಳಿ ಅಂತ ಕೊಡುತ್ತಾರೆ. ಅದು ಇಂಗ್ಲಿಷಿನಲ್ಲಿ, ಕೋಷ್ಟಕದಲ್ಲಿ ಸತ್ತು ಬಿದ್ದಿರುತ್ತೆ. ನಮ್ಮ ಸುದ್ದಿಮನೆಗೆ ಬರುವಷ್ಟರಲ್ಲಿ ಒಂದು ಗೆರೆ, ಒಂದು ಊರು, ಒಂದು ಸಂಖ್ಯೆ ಮಾತ್ರ ಉಳಿದಿರುತ್ತೆ. ಗೆರೆಯ ಸುತ್ತ ಬಾಣಲೆಯಂತೆ ಅಗಲವಾಗುತ್ತಾ ಹೋಗುವ ಒಂದು ಆಕಾರ ಬರೆದಿರುತ್ತಾರಲ್ಲ, ಅದನ್ನೂ ಚಂಡಮಾರುತದ ಗಾತ್ರ ಅಂತಲೇ ಟಿವಿಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಅದು ಗಾತ್ರ ಅಲ್ಲ, ಚಂಡಮಾರುತದ ಕೇಂದ್ರ ಆ ಜಾಗದೊಳಗೆ ಎಲ್ಲಾದರೂ ಹೋಗಬಹುದು ಅನ್ನೋ ಅಂದಾಜು. ಅದರ ಹೊರಗಿದ್ದೀವಿ ಅಂದಮಾತ್ರಕ್ಕೆ ಪಾರಾದೆವು ಅಂತಲ್ಲ.

ಮೂರನೆಯದೇ ಗಟ್ಟಿಯಾದದ್ದು: ಬಲಗಡೆ ಅಪಾಯ ಅಂತ ಹೇಳಿದರೆ ಎಡಗಡೆಯವರು ಮೈಮರೆಯಲ್ಲವೇ?

ಮರೆಯುತ್ತಾರೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈ ಎದುರಿನಿಂದ ಉತ್ತರಕ್ಕೆ ಹೋಗಿ 5ನೇ ತಾರೀಕು ಬಾಪಟ್ಲ ಹತ್ತಿರ ದಡ ಹತ್ತಿತು. ಚೆನ್ನೈ ಅದರ ಪಶ್ಚಿಮಕ್ಕೆ, ಅಂದರೆ ಎಡದಂಡೆಯಲ್ಲಿತ್ತು. ನನ್ನ ನಿಯಮದ ಪ್ರಕಾರ ಕ್ಷೇಮ. ಆದರೆ ಮಳೆ ಚೆನ್ನೈಯನ್ನು ಮುಳುಗಿಸಿಬಿಟ್ಟಿತು! ಎಡ-ಬಲದ ನಿಯಮ ಗಾಳಿಗೆ, ಗಾಳಿ ತಳ್ಳುವ ನೀರಿಗೆ. ಮಳೆ ಅದನ್ನು ಕೇಳಲ್ಲ. ಚಂಡಮಾರುತ ಎಷ್ಟು ನಿಧಾನ ಸಾಗುತ್ತೆ, ಮೇಲಿನ ಗಾಳಿ ಮೋಡವನ್ನು ಯಾವ ಕಡೆ ತಳ್ಳುತ್ತೆ, ಎದುರಿಗೆ ಬೆಟ್ಟ ಇದೆಯೋ ಇಲ್ಲವೋ, ಇವೆಲ್ಲ ಮಳೆಯನ್ನು ನಿರ್ಧರಿಸುತ್ತವೆ. ಇನ್ನು ಚಂಡಮಾರುತದ ಕಣ್ಣೇ ನಿಮ್ಮ ಊರಿನ ಮೇಲೆ ಹಾದರೆ, 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣದ ಮೇಲೆ ಹಾದ ಹಾಗೆ, ಎಡವೂ ಇಲ್ಲ ಬಲವೂ ಇಲ್ಲ. ಮೊದಲು ಒಂದು ಕಡೆಯಿಂದ ಗಾಳಿ, ನಡುವೆ ಸ್ವಲ್ಪ ಹೊತ್ತು ಮೌನ, ಆಮೇಲೆ ಎದುರು ದಿಕ್ಕಿನಿಂದ ಗಾಳಿ.

ಇದನ್ನೆಲ್ಲ ಓದಿ ತಿಳಿದುಕೊಂಡ ಮೇಲೂ ನಾನು ಎಡವಿದೆ. ಅದನ್ನೂ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತೆ.

2024ರ ನವೆಂಬರ್ 30, ಶನಿವಾರ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ದಡ ಹತ್ತಿತು. ಭಾನುವಾರ ಬೆಳಿಗ್ಗೆ ಅಪ್ಪಾಜಿ ಫೋನ್ ಮಾಡಿದರು.

"ಅದೇನೋ ಗಾಳಿ ಮದ್ರಾಸ್ ಕಡೆ ಬಂದೈತಂತೆ. ಅಡಿಕೆ ಸುಲಿದಿದ್ದು ಆಗೈತೆ, ಬೇಯಿಸಿ ಹಾಕ್ಲಾ, ತಡೀಲಾ?"

ನಾನು ನೋಡಿದೆ. ದಡ ಹತ್ತಿದಾಗ ಗಾಳಿ 70-80 ಕಿ.ಮೀ. ಅಷ್ಟೇ, ಆಗಲೇ ದುರ್ಬಲವಾಗುತ್ತಿತ್ತು. ನಮ್ಮೂರಿಗೆ ನಾನೂರಕ್ಕೂ ಹೆಚ್ಚು ಕಿ.ಮೀ. ದೂರ. ಎಡ ಬಲ ಎಲ್ಲ ಲೆಕ್ಕ ಹಾಕಿದೆ, ಗಾಳಿಯ ಲೆಕ್ಕ. "ಗಾಳಿ ನಮ್ಮ ತನಕ ಬರಲ್ಲ, ಬೇಯಿಸಿ ಹಾಕಿ" ಅಂದೆ.

ಗಾಳಿ ಬರಲಿಲ್ಲ, ನಿಜ. ಆದರೆ ಫೆಂಗಲ್‌ನ ಉಳಿಕೆ ಪಶ್ಚಿಮಕ್ಕೆ ತೆವಳುತ್ತಾ ತಮಿಳುನಾಡು, ಕರ್ನಾಟಕ ದಾಟಿ ಅರಬ್ಬೀ ಸಮುದ್ರದ ಕಡೆ ಹೊರಟಿತು. ನಾವು ಅದರ ಉತ್ತರಕ್ಕೆ. ಪಶ್ಚಿಮಕ್ಕೆ ಹೋಗುವುದಕ್ಕೆ ಉತ್ತರ ಅಂದರೆ ಬಲದಂಡೆ! ಬಲದಂಡೆಯ ಗಾಳಿ ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಹೊತ್ತು ತರುತ್ತಿತ್ತು. ಮೂರು ದಿನ ಸೂರ್ಯ ಕಾಣಲಿಲ್ಲ, ಜಿಟಿಜಿಟಿ ಮಳೆ ಬಿಡಲಿಲ್ಲ. ಬೇಯಿಸಿದ ಅಡಿಕೆಯನ್ನು ಟಾರ್ಪಾಲ್ ಮುಚ್ಚಿ ಎಷ್ಟು ದಿನ ಇಡಕ್ಕಾಗುತ್ತೆ? ಬೂಷ್ಟು ಹಿಡಿಯಿತು, ಬಣ್ಣ ಹೋಯಿತು. ರಸ್ತೆ ಮೇಲೆ ಮೆಕ್ಕೆಜೋಳ ಹರಡಿದ್ದವರ ಗತಿಯಂತೂ ಇನ್ನೂ ಕೆಟ್ಟದಾಗಿತ್ತು. ಆ ಲಾಟಿಗೆ ಮಾರ್ಕೆಟ್ಟಿನಲ್ಲಿ ರೇಟು ಸಿಗಲಿಲ್ಲ. ಅಪ್ಪಾಜಿ ನನಗೆ ಏನೂ ಅನ್ನಲಿಲ್ಲ. ನನ್ನ ಗೆಳೆಯನ ಹಾಗೇ.

ಹಾಗಂತ ನಿಯಮ ಕೆಟ್ಟದ್ದು ಅಂತ ಅಲ್ಲ. ನಾನು ಗಾಳಿಯನ್ನು ಮಾತ್ರ ಕೇಳಿಕೊಂಡೆ, ಮಳೆಯನ್ನು ಕೇಳಲಿಲ್ಲ. ಆದ್ದರಿಂದ ಮೂರನೇ ಆಕ್ಷೇಪಕ್ಕೆ ನನ್ನ ಉತ್ತರ, ಹೇಳುವುದನ್ನು ಬಿಡುವುದಲ್ಲ, ಪೂರ್ತಿ ಹೇಳುವುದು. ಬಲದವರಿಗೆ ಗಾಳಿ ಮತ್ತು ಅಲೆ ಜೋರು ಅನ್ನಿ. ಎಡದವರಿಗೆ ಗಾಳಿ ಕಡಿಮೆ, ಆದರೆ ಮಳೆ ಹೀಗಿದೆ ಅನ್ನಿ. ಅರ್ಧ ತಿಳಿದ ನನ್ನಂಥವರು ಅಪ್ಪನಿಗೂ ದೋಸ್ತನಿಗೂ ಫೋನಿನಲ್ಲಿ ಹವಾಮಾನ ಹೇಳುವುದಕ್ಕಿಂತ, ಬಲ್ಲವರು ಕನ್ನಡದಲ್ಲಿ ಪೂರ್ತಿ ಹೇಳುವುದು ಲಕ್ಷ ಪಾಲು ವಾಸಿ.

*

ನಾನು ಕೇಳೋದು ದೊಡ್ಡದೇನಲ್ಲ. ಚಂಡಮಾರುತದ ಪ್ರತಿ ಸುದ್ದಿಯಲ್ಲೂ ಮೂರು ಸಾಲು.

ಒಂದು, ಅದು ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಸಾಗುತ್ತಿದೆ.

ಎರಡು, ಅದರ ಬಲಕ್ಕೆ ಯಾವ ಜಿಲ್ಲೆಗಳಿವೆ, ಎಡಕ್ಕೆ ಯಾವುವು, ಗಾಳಿ ಎರಡೂ ಕಡೆ ಎಷ್ಟೆಷ್ಟು.

ಮೂರು, ಮಳೆ ಎಲ್ಲಿ. ಇದನ್ನು ಗಾಳಿಯ ಜೊತೆ ಕಲಸದೆ, ಬೇರೆಯಾಗಿ.

ಮೂರು ಸಾಲಿಗೆ ಅರ್ಧ ನಿಮಿಷ ಬೇಕು. ಗ್ರಾಫಿಕ್ಸಿನಲ್ಲಿ ಸ್ಟುಡಿಯೋ ಒಳಗೇ ಬಿರುಗಾಳಿ ಎಬ್ಬಿಸಿ, ಆಂಕರ್ ಕೈಗೆ ಕೊಡೆ ಕೊಟ್ಟು ಓಲಾಡಿಸುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ಹೋಬಳಿ ಮಟ್ಟದಲ್ಲಿ ಮಳೆ ಅಳೆಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ರೈತರು ಕೇಳಿದರೆ ಹೇಳುವ ವರುಣಮಿತ್ರ ಅನ್ನೋ ಸಹಾಯವಾಣಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆಸಿಕೊಂಡು ಬಂದಿದೆ. ಅಂದರೆ ತಿಳಿದವರಿದ್ದಾರೆ, ಅಂಕಿಅಂಶ ಇದೆ. ಇಲ್ಲದಿರುವುದು ಅದನ್ನು ಮನೆ ಬಾಗಿಲಿಗೆ ತಂದುಕೊಡುವ ಕನ್ನಡ.

ಕೊನೆಗೆ ಒಂದು ಸಣ್ಣ ಉಪಾಯ, ಇದಕ್ಕೆ ಟಿವಿ ಬೇಡ, ನೆಟ್ ಬೇಡ. 1857ರಲ್ಲಿ ಬೈಸ್ ಬ್ಯಾಲಟ್ ಅನ್ನೋ ಡಚ್ ವಿಜ್ಞಾನಿ ಪ್ರಕಟಿಸಿದ ನಿಯಮ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ನಮ್ಮ ಗೋಳಾರ್ಧದಲ್ಲಿ ಕಡಿಮೆ ಒತ್ತಡದ ಜಾಗ ನಿಮ್ಮ ಎಡಗೈ ಕಡೆ ಇರುತ್ತೆ. ಉಬ್ರಾಣಿಯಲ್ಲಿ ನಿಂತಾಗ ತೆಂಕಣ ಗಾಳಿ ಬೆನ್ನಿಗೆ ಬೀಸುತ್ತಿದ್ದರೆ ಎಡಗೈ ಪಶ್ಚಿಮಕ್ಕೆ, ಅಂದರೆ ಅರಬ್ಬೀ ಸಮುದ್ರದಲ್ಲಿ ಏನೋ ನಡೆದಿದೆ. ಬಡಗಣ ಗಾಳಿ ಬೆನ್ನಿಗಿದ್ದರೆ ಎಡಗೈ ಪೂರ್ವಕ್ಕೆ, ಅಂದರೆ ಬಂಗಾಳ ಕೊಲ್ಲಿ. ಬೆಟ್ಟಗುಡ್ಡದ ನಡುವೆ ಮಾಮೂಲಿ ದಿನಗಳಲ್ಲಿ ಇದು ಕೆಲಸ ಮಾಡಲ್ಲ, ದೊಡ್ಡ ವ್ಯವಸ್ಥೆ ಇದ್ದಾಗ ಮಾತ್ರ.

ಹೋದ ಸಲ ಊರಿಗೆ ಹೋದಾಗ ಅಪ್ಪಾಜಿಗೆ ಇದನ್ನು ಕಣದಲ್ಲಿ ನಿಲ್ಲಿಸಿ ತೋರಿಸಿದೆ. ಬೀಸುಕಲ್ಲು, ಗಾಡಿ, ಬಲದಂಡೆ ಎಲ್ಲ ಹೇಳಿದೆ. ಎಲ್ಲಾ ಕೇಳಿಸಿಕೊಂಡು, ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು ಅಂದರು:

"ಎಲ್ಲಾ ಸರಿ ಕಣಪ್ಪ. ಮುಂದಿನ ಸಲ ಫೋನ್ ಮಾಡಿದಾಗ ಬರೀ ಏನೂ ಆಗಲ್ಲ ಅನ್ಬೇಡ. ನಾವು ಯಾವ ಕಡೆ ಅದೀವಿ ಅಂತ ಹೇಳು, ಮಳೆ ಐತಾ ಅಂತ ಹೇಳು. ಬೇಯಿಸ್ಬೇಕೋ ಬಿಡ್ಬೇಕೋ ನಾನು ನೋಡ್ಕೋತೀನಿ."

ನಾನು ಇಷ್ಟು ಉದ್ದ ಬರೆದದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಕುಂದಾಪುರದ ಗೆಳೆಯ ಆ ವರ್ಷವೇ ಸಾಲ ಮಾಡಿ ಅಪ್ಪನಿಗೆ ಹೊಸ ಬಲೆ ತೆಗೆಸಿಕೊಟ್ಟ. ಅದರಲ್ಲಿ ನನ್ನದೂ ಒಂದು ಪಾಲು ಇರಲಿ ಅಂದೆ, ತಗೊಳ್ಳಲಿಲ್ಲ. "ನೀನು ಸುಳ್ಳು ಹೇಳಿದ್ದಲ್ಲ ಮಾರಾಯ, ನಿನಗೆ ಗೊತ್ತಿರಲಿಲ್ಲ" ಅಂದ. ಈಗ ಗೊತ್ತಾಗಿದೆ. ಅದಕ್ಕೇ ಬರೆದೆ.